ಯಾವ ಸೈ-ಫೈ ಸಿನಿಮಾವನ್ನು ಎಂಟು ಹತ್ತು ಜನ ಸೇರಿ ಆನ್‌ಲೈನ್‌ನಲ್ಲಿ ಆಡಬಹುದು? (ಮಳೆಗಾಲದ ಹರಟೆ)

ಹಂಚಿನಮಾಡು (ತೀರ್ಥಹಳ್ಳಿ)

ಮೂರು ದಿನದಿಂದ ಬಿಡದೆ ಮಳೆ. ನಿನ್ನೆ ಸಂಜೆ ಹೋದ ಕರೆಂಟು ಇವತ್ತು ಮಧ್ಯಾಹ್ನ ಬಂತು. ಅಷ್ಟರೊಳಗೆ ಫೋನಿನಲ್ಲಿ ಇಳಿಸಿಟ್ಟುಕೊಂಡಿದ್ದ ‘ದಿ ಥಿಂಗ್’ (1982) ಮತ್ತೊಮ್ಮೆ ನೋಡಿ ಮುಗಿಸಿದೆ. ಕೊನೆಗೆ ಬ್ಯಾಟರಿ ನಾಲ್ಕು ಪರ್ಸೆಂಟ್ ಉಳಿದಿತ್ತು. ಅಂಟಾರ್ಕ್ಟಿಕಾದ ಹಿಮದಲ್ಲಿ ಹನ್ನೆರಡು ಜನ ಸಿಕ್ಕಿಹಾಕಿಕೊಂಡಿರುತ್ತಾರೆ. ಹೊರಗಿನವರ ಸಂಪರ್ಕ ಇಲ್ಲ. ಬೇರೆಯವರ ರೂಪ ತಾಳುವ ಅನ್ಯಗ್ರಹದ ಜೀವಿಯೊಂದು ಒಳಗೆ ಸೇರಿದೆ, ಅವರಲ್ಲೇ ಯಾರೋ ಮನುಷ್ಯ ಅಲ್ಲ. ಹೊರಗೆ ಧೋ ಅಂತ ಸುರಿಯುವಾಗ ನೋಡಿದರೆ ಆ ಹಿಮಕ್ಕೂ ನಮ್ಮ ಮಳೆಗೂ ಜಾಸ್ತಿ ವ್ಯತ್ಯಾಸ ಕಾಣಿಸುವುದಿಲ್ಲ.

ನೋಡುತ್ತಾ ಒಂದು ವಿಷಯ ತಲೆಗೆ ಹತ್ತಿತು. ಸೈ-ಫೈ ಸಿನಿಮಾದಿಂದ ಆನ್‌ಲೈನ್ ಗೇಮ್ ಮಾಡಲು ಹೊರಟವರು ಯಾವಾಗಲೂ ದೊಡ್ಡ ಲೋಕ ಇರುವ ಸಿನಿಮಾವನ್ನೇ ಹಿಡಿಯುತ್ತಾರೆ. ನೂರು ಗ್ರಹ, ಸಾವಿರ ಹಡಗು. ಒಳಗೆ ಹೋದ ಮೇಲೆ ಮಾಡುವುದು ಎಂತ? ಹತ್ತು ಪ್ರಾಣಿ ಹೊಡೆದು ಬಾ, ಇಪ್ಪತ್ತು ಕಲ್ಲು ಹೆಕ್ಕಿಕೊಂಡು ಬಾ. ‘ದಿ ಮ್ಯಾಟ್ರಿಕ್ಸ್ ಆನ್‌ಲೈನ್’ 2005ರಲ್ಲಿ ಶುರುವಾಗಿ 2009ರ ಜುಲೈ 31ಕ್ಕೆ ಬಾಗಿಲು ಹಾಕಿತು. ‘ದಿ ಮ್ಯಾಟ್ರಿಕ್ಸ್’ ಸಿನಿಮಾ ನೋಡಿದವನು ಅದರ ಹೀರೋ ನಿಯೋ ಆಗಬೇಕು ಅಂತಲೇ ಗೇಮಿಗೆ ಬರುತ್ತಾನೆ. ಪಕ್ಕದಲ್ಲಿ ನಿಂತ ಇನ್ನೂರು ಜನವೂ ಅದಕ್ಕೇ ಬಂದಿರುತ್ತಾರೆ. ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು?

ನನ್ನ ಲೆಕ್ಕ ಬೇರೆ. ಲೋಕ ಒಂದು ಮನೆಯಷ್ಟೇ ಇರಲಿ, ಪರವಾಗಿಲ್ಲ. ಆದರೆ ನನಗೆ ಗೊತ್ತಿರುವುದು ನಿನಗೆ ಗೊತ್ತಿರಬಾರದು, ನಿನಗೆ ಗೊತ್ತಿರುವುದು ನನಗೆ ಗೊತ್ತಿರಬಾರದು. ಆಟ ಹುಟ್ಟುವುದೇ ಅಲ್ಲಿ. ಹಾಗಿರುವ ಸಿನಿಮಾ ಯಾವುದಿದೆ ಹೇಳಿ. ನನ್ನ ಮೊದಲ ವೋಟು ‘ದಿ ಥಿಂಗ್’ಗೆ.

ಪಿಂಗ್ 300 (ಹೊಸನಗರ)

‘ಇಂಟರ್‌ಸ್ಟೆಲ್ಲಾರ್’!! ನೀರಿನ ಗ್ರಹದಲ್ಲಿ ಒಂದು ಗಂಟೆ ಅಂದರೆ ಭೂಮಿಯಲ್ಲಿ 7 ವರ್ಷ. ನಾನು ಒಂದು ಗಂಟೆ ಆಡಿ ವಾಪಸ್ ಬರುವಷ್ಟರಲ್ಲಿ ನನ್ನ ಟೀಮಿನವನಿಗೆ ಮದುವೆಯಾಗಿ ಮಗು ಒಂದನೇ ಕ್ಲಾಸಿಗೆ ಹೋಗುತ್ತಿರುತ್ತೆ. ನಮ್ಮೂರ ನೆಟ್‌ವರ್ಕ್‌ನಲ್ಲಿ ಈಗಲೇ ಹಾಗೇ ಆಗ್ತಿದೆ, ಅದು ಬೇರೆ ಮಾತು.

ಗೋಪಿ ಸರ್ಕಲ್ (ಶಿವಮೊಗ್ಗ)

‘ದಿ ಥಿಂಗ್’ ಆಗಲೇ ಗೇಮ್ ಆಗಿದೆ ಗುರು. 2002ರಲ್ಲಿ ಬಂದಿತ್ತು. 2024ರ ಡಿಸೆಂಬರ್‌ನಲ್ಲಿ ಅದನ್ನೇ ತಿದ್ದಿ ತೀಡಿ ಮತ್ತೆ ಬಿಟ್ಟರು. ಆದರೆ ಒಬ್ಬರೇ ಕೂತು ಆಡುವ ಆಟ. ನಾನು ಹಳೆಯದನ್ನು ಆಡಿದ್ದು ನಮ್ಮ ಸೈಬರ್ ಸೆಂಟರ್‌ನಲ್ಲಿ. ಆಗ ಆರು ಕಂಪ್ಯೂಟರ್, ಅವನ್ನು ಜೋಡಿಸಲು ಒಂದು ಹಬ್, ಬೇಸಿಗೆ ರಜೆಯಲ್ಲಿ ಹುಡುಗರು ಶೂಟಿಂಗ್ ಗೇಮ್ ಕೌಂಟರ್-ಸ್ಟ್ರೈಕ್‌ಗೆ ಬೆಳಗ್ಗೆಯೇ ಬಾಗಿಲಲ್ಲಿ ನಿಂತಿರುತ್ತಿದ್ದರು.

ಆ ಗೇಮ್‌ನಲ್ಲಿ ಜೊತೆಗಿರುವವರು ನಿನ್ನನ್ನು ನಂಬುತ್ತಾರಾ ಇಲ್ವಾ ಅಂತ ಒಂದು ಲೆಕ್ಕ ಇತ್ತು. ನೀನು ಅವರ ಕಡೆ ಬಂದೂಕು ತಿರುಗಿಸಿದರೆ ನಂಬಿಕೆ ಇಳಿಯುತ್ತಿತ್ತು. ಅವರ ಕೈಗೆ ಗುಂಡು ಕೊಟ್ಟರೆ ಏರುತ್ತಿತ್ತು. ಆ ಕಾಲಕ್ಕೆ ಅದು ದೊಡ್ಡ ವಿಷಯವೇ. ತೊಂದರೆ ಏನಪ್ಪಾ ಅಂದರೆ, ರಕ್ತ ಪರೀಕ್ಷೆ ಮಾಡಿ ‘ಇವನು ಮನುಷ್ಯನೇ’ ಅಂತ ಬಂದವನು ಮುಂದಿನ ಬಾಗಿಲು ದಾಟಿದ ಕೂಡಲೇ ರಾಕ್ಷಸ ಆಗಿಬಿಡುತ್ತಿದ್ದ. ಅಲ್ಲಿ ಹಾಗಾಗಬೇಕು ಅಂತ ಮೊದಲೇ ಬರೆದಿಟ್ಟಿದ್ದರು. ಮತ್ತೆ ಪರೀಕ್ಷೆ ಯಾಕೆ ಮಾಡಬೇಕು? ಹಾಗಾಗಿ ನಿನ್ನ ಮಾತು ಸರಿ. ಯಂತ್ರದ ಜೊತೆ ಆಡುವ ಆಟ ಅಲ್ಲ ಅದು. ಸುಳ್ಳು ಹೇಳಲು ಎದುರಿಗೆ ಮನುಷ್ಯನೇ ಬೇಕು.

ಪಿಂಗ್ 300

ಸರಿ, ತಮಾಷೆ ಬಿಟ್ಟು ಹೇಳುತ್ತೇನೆ. ಇದೆಲ್ಲಾ ‘ಅಮಾಂಗ್ ಅಸ್’ ಗೇಮ್ ಅಲ್ವಾ, ನಮ್ಮೊಳಗೇ ಬಚ್ಚಿಟ್ಟುಕೊಂಡ ಕೊಲೆಗಾರನನ್ನು ಹುಡುಕುವುದು? 2018ರಲ್ಲೇ ಬಂದಿತ್ತು, 2020ರ ಲಾಕ್‌ಡೌನ್‌ನಲ್ಲಿ ನಾವೆಲ್ಲಾ ಆಡಿ ಆಡಿ ಸುಸ್ತಾಗಿದ್ದೂ ಆಯಿತು. ಮತ್ತೆ ಅದೇ ಯಾಕೆ?

ಹಂಚಿನಮಾಡು

‘ಅಮಾಂಗ್ ಅಸ್’ ನಮ್ಮ ಕಳ್ಳ-ಪೊಲೀಸ್ ಚೀಟಿ ಆಟದ ತಮ್ಮ. ನಾಲ್ಕು ಚೀಟಿ ಮಡಚಿ ಎಸೆಯುತ್ತಿದ್ದೆವಲ್ಲ, ರಾಜ, ರಾಣಿ, ಕಳ್ಳ, ಪೊಲೀಸ್? ರಷ್ಯಾದಲ್ಲಿ 1986ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಸೈಕಾಲಜಿ ವಿದ್ಯಾರ್ಥಿಯೊಬ್ಬ ‘ಮಾಫಿಯಾ’ ಅಂತ ಒಂದು ಆಟ ಕಟ್ಟಿದ. ‘ಅಮಾಂಗ್ ಅಸ್’ ಅದರ ಸಾಲಿನದೇ. ಇವುಗಳಲ್ಲೆಲ್ಲಾ ಕಳ್ಳ ಮೊದಲಿಂದ ಕಡೆಯವರೆಗೂ ಕಳ್ಳನೇ. ಸಾಧು ಕಡೆಯವರೆಗೂ ಸಾಧುವೇ.

‘ದಿ ಥಿಂಗ್’ನಲ್ಲಿ ಹಾಗಲ್ಲ. ನೀನು ಒಳ್ಳೆಯವನಾಗಿ ಶುರು ಮಾಡುತ್ತೀಯ. ಅರ್ಧ ಗಂಟೆ ಎಲ್ಲರ ಪರವಾಗಿ ವಾದ ಮಾಡುತ್ತೀಯ. ಒಂದು ಗಳಿಗೆ ತಪ್ಪಾದವನ ಜೊತೆ ಒಂದೇ ಕೋಣೆಯಲ್ಲಿ ಸಿಕ್ಕಿಬೀಳುತ್ತೀಯ. ಆಮೇಲೆ ನೀನೂ ಅದೇ. ಆದರೆ ನಿನ್ನ ಮಾತಿಗೆ ಅರ್ಧ ಗಂಟೆ ಗಳಿಸಿದ ಬೆಲೆ ಹಾಗೇ ಉಳಿದಿರುತ್ತದೆ. ಈ ಒಂದು ತಿರುವು ‘ಅಮಾಂಗ್ ಅಸ್’ನಲ್ಲಿ ಇಲ್ಲ.

ಸಿನಿಮಾದಲ್ಲಿ ಒಂದು ಕಂಪ್ಯೂಟರ್ ಲೆಕ್ಕ ಹಾಕಿ ತೋರಿಸುತ್ತದೆ. ತಂಡದಲ್ಲಿ ಒಬ್ಬನಿಗಾದರೂ ಸೋಂಕು ತಗುಲಿರುವ ಸಾಧ್ಯತೆ ಶೇ. 75. ಅದು ಹೊರಗಿನ ಜನರ ನಡುವೆ ಹೋದರೆ 27,000 ಗಂಟೆಯಲ್ಲಿ ಇಡೀ ಭೂಮಿ ಮುಗಿಯಿತು. ಅಂದರೆ ಮೂರು ವರ್ಷ ಚಿಲ್ಲರೆ. ಆ ಲೆಕ್ಕ ನೋಡಿದವನು ಸುಮ್ನೆ ಹೋಗಿ ರೇಡಿಯೋ, ಹೆಲಿಕಾಪ್ಟರ್ ಎಲ್ಲಾ ಒಡೆದು ಹಾಕುತ್ತಾನೆ. ಬೇರೆಯವರ ಕಣ್ಣಿಗೆ ಅವನು ಹುಚ್ಚ. ಗೇಮ್‌ನಲ್ಲಿ ಆ ಸಂಖ್ಯೆ ಒಬ್ಬನಿಗೆ ಮಾತ್ರ ಕಂಡರೆ ಹೇಗಿರುತ್ತದೆ ಯೋಚಿಸಿ.

ಸಾಗರದವ, ಈಗ ಬೆಂಗಳೂರು

ಗೇಮ್ ಕಂಪನಿಯಲ್ಲೇ ಕೆಲಸ, ಸರ್ವರ್ ಕಡೆ, ಅಂದರೆ ಎಲ್ಲರ ಆಟದ ಲೆಕ್ಕ ಇಡುವ ಕಂಪ್ಯೂಟರ್. ಹಂಚಿನಮಾಡು ಹೇಳಿದ್ದು ಕೇಳಲು ಚಂದ. ಮಾಡಲು ಕೂತರೆ ಒಂದು ಮುಳ್ಳು ಚುಚ್ಚುತ್ತದೆ. ಸೋಂಕು ತಗುಲಿದವನಿಗೆ ತಾನು ಬದಲಾಗಿದ್ದೇನೆ ಅಂತ ಗೊತ್ತಿರಬೇಕೋ ಬೇಡವೋ?

ಗೊತ್ತಿದ್ದರೆ ಅವನು ಕೂಡಲೇ ಕಡೆ ಬದಲಾಯಿಸುತ್ತಾನೆ. ಮಾತಿನ ಧಾಟಿಯೇ ಬೇರೆಯಾಗುತ್ತದೆ. ಗೆಳೆಯರಿಗೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಗೊತ್ತಿಲ್ಲದಿದ್ದರೆ ಅವನು ಪ್ರಾಮಾಣಿಕವಾಗಿ ‘ನಾನಲ್ಲ ಮಾರಾಯ’ ಅನ್ನುತ್ತಾನೆ, ಆದರೆ ಆಟ ಮುಗಿದಾಗ ‘ನೀನು ಸೋತೆ’ ಅಂತ ಸ್ಕ್ರೀನ್ ಮೇಲೆ ಬಂದರೆ ಫೋನ್ ಎಸೆಯುತ್ತಾನೆ. ಸಿನಿಮಾ ಈ ಪ್ರಶ್ನೆಗೆ ನೇರ ಉತ್ತರ ಕೊಡುವುದಿಲ್ಲ. ಅಭಿಮಾನಿಗಳು 40 ವರ್ಷದಿಂದ ಇದನ್ನೇ ಕಚ್ಚಾಡುತ್ತಿದ್ದಾರೆ. ಸಿನಿಮಾಕ್ಕೆ ಅದು ಒಳ್ಳೆಯದು. ಗೇಮ್‌ನವನಿಗೆ ಮಾತ್ರ ಉತ್ತರ ಬೇಕೇ ಬೇಕು, ಯಾಕೆಂದರೆ ಅವನಿಗೆ ಗೊತ್ತೋ ಇಲ್ಲವೋ, ಸೊನ್ನೆಯೋ ಒಂದೋ ಅಂತ ನಾನು ಎಲ್ಲೋ ಬರೆಯಲೇಬೇಕು.

ಇನ್ನೊಂದು. ಯಾರು ಮನುಷ್ಯ ಅಲ್ಲ ಅಂತ ತಿಳಿಯಲು ಬಿಸಿ ತಂತಿಯನ್ನು ಒಬ್ಬೊಬ್ಬರ ರಕ್ತಕ್ಕೆ ಅದ್ದುವ ಆ ದೃಶ್ಯದಲ್ಲಿ ಎಲ್ಲರಿಗೂ ಪಾಮರ್‌ನ ರಕ್ತ ಚಂಗನೆ ಹಾರಿದ್ದು ಮಾತ್ರ ನೆನಪು. ಅದಕ್ಕೂ ಮುಂಚೆ ಹೀರೋ ಕೈಯಲ್ಲಿ ಗುಂಡು ತಿಂದು ಸತ್ತ ಕ್ಲಾರ್ಕ್ ಮನುಷ್ಯನೇ ಆಗಿದ್ದ ಅಂತ ಅದೇ ತಂತಿ ಹೇಳುತ್ತದೆ. ಗೇಮ್‌ನಲ್ಲಿ ನನಗೆ ಬೇಕಿರುವುದು ಆ ಗಳಿಗೆ. ತಪ್ಪು ಮಾಡಿದವನು ಎಲ್ಲರ ಮುಂದೆ ನಿಂತಿರುವ ಆ ಎರಡು ಸೆಕೆಂಡ್.

ಮಂಡಗದ್ದೆ ಹಕ್ಕಿ (ಶಿವಮೊಗ್ಗ)

ನಾನು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು. ಗೇಮ್ ಆಡುವುದು ಮಗನ ಜೊತೆ, ಅವನ ಪರೀಕ್ಷೆ ಇಲ್ಲದಾಗ. ಎಲ್ಲರೂ ಒಬ್ಬರನ್ನೊಬ್ಬರು ಅನುಮಾನಿಸುವುದೇ ಒಳ್ಳೆಯ ಆಟ ಅಂದರೆ ಒಪ್ಪುವುದಿಲ್ಲ. ‘ಸ್ಟಾರ್‌ಶಿಪ್ ಟ್ರೂಪರ್ಸ್’ (1997) ನೋಡಿ. ಒಂದು ಕಡೆ ಸೈನಿಕರು, ಇನ್ನೊಂದು ಕಡೆ ಹುಳುಗಳ ಹಿಂಡು, ಮುಗಿಯಿತು. ಅದರ ಹೆಸರಿನದ್ದೇ ಗೇಮ್ ಇದೆ, 16 ಜನ ಒಟ್ಟಿಗೆ ಕೋಟೆ ಕಟ್ಟಿ ಕಾಯುವುದು. 2024ರ ‘ಹೆಲ್‌ಡೈವರ್ಸ್ 2’ ಆ ಸಿನಿಮಾದ ನೆರಳಿನಲ್ಲೇ ಬೆಳೆದದ್ದು. ಅಲ್ಲಿ ಒಂದು ತಂಡಕ್ಕೆ ನಾಲ್ಕೇ ಜನ. ಆದರೆ ಜಗತ್ತಿನಲ್ಲಿ ಆಡುವವರೆಲ್ಲರ ಗೆಲುವು ಸೋಲು ಒಂದೇ ಯುದ್ಧದ ಲೆಕ್ಕಕ್ಕೆ ಸೇರುತ್ತದೆ. ನೀವು ಮಲಗಿದಾಗ ಬೇರೆ ದೇಶದವರು ಆ ಗ್ರಹ ಉಳಿಸಿರುತ್ತಾರೆ, ಇಲ್ಲಾ ಕಳೆದಿರುತ್ತಾರೆ. ನನ್ನ ಮಗ ಬೆಳಗ್ಗೆ ಎದ್ದು ಹಲ್ಲುಜ್ಜುವ ಮೊದಲು ಅದನ್ನೇ ನೋಡುತ್ತಿದ್ದ, ಪೇಪರಿನಲ್ಲಿ ಅಡಿಕೆ ಧಾರಣೆ ನೋಡುವವರ ಹಾಗೆ.

ಹಂಚಿನಮಾಡು

ಅಕ್ಕ, ಅರ್ಧ ಒಪ್ಪಿದೆ. ಆ ಸಿನಿಮಾದಲ್ಲಿ ಯಾರು ಸತ್ತರೂ ನಡೆಯುತ್ತದೆ, ಹೀರೋನೂ ಒಬ್ಬ ಸಿಪಾಯಿಯೇ. ಅದಕ್ಕೇ ಅದು ಗೇಮ್‌ಗೆ ಒಗ್ಗಿತು. ಪಲ್ಲಕ್ಕಿಯೇ ಇಲ್ಲದ ಸಿನಿಮಾ ಅದು. ಉಳಿದರ್ಧಕ್ಕೆ ನಾಳೆ ಜಗಳ ಆಡೋಣ, ಯುಪಿಎಸ್ ಕೂಗುತ್ತಿದೆ.

ಗೋಪಿ ಸರ್ಕಲ್

‘ಟ್ರಾನ್’ (1982) ಬಿಟ್ಟಿರಲ್ಲ. ಬೈಕ್ ಹೋದ ದಾರಿಯೇ ಗೋಡೆ. ಬೇರೆಯವನ ಗೋಡೆಗೆ ಗುದ್ದಿದರೆ ಸತ್ತೆ. ನಿಯಮ ಮುಗಿಯಿತು. ಅದನ್ನೇ ಹಿಡಿದು ಮಾಡಿದ ‘ಆರ್ಮಾಗೆಟ್ರಾನ್’ ಅಂತ ಒಂದಿದೆ, ಫ್ರೀ, ಓಪನ್ ಸೋರ್ಸ್. ಹಳೇ ಡಬ್ಬಾ ಕಂಪ್ಯೂಟರ್‌ನಲ್ಲೂ ಓಡುತ್ತದೆ. ನಮ್ಮ ಸೆಂಟರ್ ಮುಚ್ಚುವವರೆಗೂ ಆರು ಮೆಷಿನ್‌ನಲ್ಲೂ ಇತ್ತು.

ಹಂಚಿನಮಾಡು

ಬಂದೆ. ನಿನ್ನೆ ರಾತ್ರಿ ಮಲಗಿದಾಗ ಹೊಳೆದದ್ದು ಹೇಳುತ್ತೇನೆ, ಇದು ಸ್ವಲ್ಪ ಉದ್ದ.

‘ಎ ಕ್ವೈಟ್ ಪ್ಲೇಸ್’ (2018) ನೋಡಿದ್ದೀರಲ್ಲ? ಕಣ್ಣಿಲ್ಲದ ಪ್ರಾಣಿಗಳು, ಸದ್ದು ಮಾಡಿದರೆ ಬಂದು ಮುಗಿಸುತ್ತವೆ. 2024ರ ಅಕ್ಟೋಬರ್‌ನಲ್ಲಿ ಅದರ ಗೇಮ್ ಬಂತು. ಬೇಕಿದ್ದರೆ ನಿಮ್ಮ ನಿಜವಾದ ಮೈಕ್ ಆನ್ ಮಾಡಿಕೊಳ್ಳಬಹುದು. ನೀವು ಮನೆಯಲ್ಲಿ ಕೆಮ್ಮಿದರೆ ಗೇಮ್‌ನಲ್ಲಿ ಪ್ರಾಣಿಗೆ ಕೇಳಿಸುತ್ತದೆ. ಆದರೆ ಅದೂ ಒಬ್ಬರದೇ ಆಟ. ನಾಲ್ಕು ಜನ ಸೇರಿ ಆಡುವ ‘ಲೀಥಲ್ ಕಂಪನಿ’ಯಲ್ಲಿ (2023) ಈ ತಂತ್ರ ಇದೆ. ಅಲ್ಲಿ ಕಣ್ಣಿಲ್ಲದ ನಾಯಿಗಳು ನಿಮ್ಮ ಮಾತು ಹಿಡಿದು ಬರುತ್ತವೆ.

ಹೋದ ವರ್ಷ ಆಷಾಢದಲ್ಲಿ ಅದನ್ನು ಆಡಲು ಕೂತೆ. ನಮ್ಮದು ಹೆಂಚಿನ ಮನೆ, ಆದರೆ ನನ್ನ ಕೋಣೆಯ ಪಕ್ಕ ಅಡಿಕೆ ಬೇಯಿಸಲು ಹಾಕಿಸಿದ ತಗಡಿನ ಮಾಡು ಇದೆ. ಮಳೆ ಬಿದ್ದರೆ ಸಾವಿರ ಡೋಲು. ನಾನು ಬಾಯಿ ಬಿಡುವ ಮೊದಲೇ ನಾಯಿ ಬಂದು ತಿಂದು ಹೋಗುತ್ತಿತ್ತು. ಬೆಂಗಳೂರಿನಲ್ಲಿರುವ ಮೂವರು ಗೆಳೆಯರು ‘ಆ ತಗಡು ಕಿತ್ತು ಹಾಕೋ’ ಅಂತ ಬೈದು, ಕೊನೆಗೆ ನನ್ನ ಮೈಕ್ ಮ್ಯೂಟ್ ಮಾಡಿಸಿದರು. ಮೂಕನಾಗಿ ಆಡಿದೆ.

ಆದರೆ ಸಿನಿಮಾದಲ್ಲಿ ಏನಾಗುತ್ತದೆ? ಅಪ್ಪ ಮಗನನ್ನು ಜಲಪಾತದ ಹತ್ತಿರ ಕರೆದುಕೊಂಡು ಹೋಗಿ ಜೋರಾಗಿ ಕಿರುಚುತ್ತಾನೆ. ಏನೂ ಆಗುವುದಿಲ್ಲ. ನೀರಿನ ಸದ್ದು ಮಾತನ್ನು ಮುಚ್ಚುತ್ತದೆ. ದೊಡ್ಡ ಸದ್ದು ಇರುವ ಕಡೆ ನೀನು ಕ್ಷೇಮ.

ಹಾಗಾದರೆ ಆ ಆಟವನ್ನು ಆಗುಂಬೆಯಲ್ಲಿ ಇಡಿ. ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಮಳೆ ಸುರಿಯುವಾಗ ಎಲ್ಲರೂ ಮಾತಾಡಬಹುದು, ಓಡಬಹುದು, ಬಾಗಿಲು ಒಡೆಯಬಹುದು, ಪ್ಲ್ಯಾನ್ ಮಾಡಬಹುದು. ಮಳೆಗಾಲದಲ್ಲಿ ಒಂದು ಗಳಿಗೆ ಇರುತ್ತದಲ್ಲ, ಇದ್ದಕ್ಕಿದ್ದಂತೆ ಮಳೆ ನಿಂತು ಮಾಡಿನಿಂದ ಹನಿ ಮಾತ್ರ ತೊಟ್ಟಿಕ್ಕುವುದು? ಆಗ ಹತ್ತು ಜನ ಇದ್ದ ಕಡೆ ಕಲ್ಲಾಗಬೇಕು. ತೋಟದ ನಡುವೆ ಸಿಕ್ಕಿದ್ದರೆ ತೋಟದ ನಡುವೆಯೇ. ಅಷ್ಟು ಹೊತ್ತಿಗೆ ಮರದಿಂದ ಒಂದು ಅಡಿಕೆ ಹಾಳೆ ಢಬ್ ಅಂತ ನಿನ್ನ ಪಕ್ಕ ಬೀಳುತ್ತದೆ. ನೀನಲ್ಲ ಸದ್ದು ಮಾಡಿದ್ದು, ಆದರೆ ಪ್ರಾಣಿಗೆ ಅದು ಗೊತ್ತಾ?

ಜೋಗದ ಬುಡ ಪೂರ್ತಿ ಕ್ಷೇಮ. 253 ಮೀಟರ್ ಮೇಲಿಂದ ಬೀಳುವ ನೀರಿನ ಎದುರು ನೀನು ಮೈಕ್ ಹಾಕಿ ಭಾಷಣ ಮಾಡಬಹುದು. ಆದರೆ ಅಲ್ಲಿ ತಿನ್ನಲು ಏನೂ ಇಲ್ಲ, ಬೇಸಿಗೆಗೆ ನೀರೂ ಇಲ್ಲ. ಮತ್ತೆ ತೋಟಕ್ಕೆ ಬರಲೇಬೇಕು.

ಪಿಂಗ್ 300

ಅಣ್ಣಾ, ಹಲಸಿನ ಹಣ್ಣು ಬಿದ್ದರೆ ಏನಾಗುತ್ತೆ?? ಊರೇ ಖಾಲಿ.

ಸಾಗರದವ, ಈಗ ಬೆಂಗಳೂರು

ಇದು ಒಳ್ಳೆಯದಿದೆ. ತಾಂತ್ರಿಕವಾಗಿ ಒಂದು ಮಾತು. ಈಗಿನ ಹೆಡ್‌ಸೆಟ್, ಫೋನು, ವಾಯ್ಸ್ ಚಾಟ್ ಎಲ್ಲವೂ ಒಂದೇ ಸಮ ಬರುವ ಸದ್ದನ್ನು ಮೊದಲು ತೆಗೆದುಹಾಕುತ್ತವೆ. ಮಳೆ ಅಂತಹ ಸದ್ದೇ. ಹಾಗಾಗಿ ನಿಜವಾದ ಮಳೆಯನ್ನು ನಂಬಬೇಡ, ಗೇಮಿನ ಮಳೆಯನ್ನು ಲೆಕ್ಕಕ್ಕೆ ತಗೋ. ಸರ್ವರ್‌ನಲ್ಲಿ ಒಂದು ಸಂಖ್ಯೆ ಇಟ್ಟರೆ ಸಾಕು, ಈಗ ಮಳೆ ಎಷ್ಟು ಜೋರು ಅಂತ. ಮಾತಿನ ಸದ್ದು ಅದಕ್ಕಿಂತ ಕಡಿಮೆ ಇದ್ದರೆ ಪ್ರಾಣಿಗೆ ಕೇಳಿಸದು. ಒಂದು ದಿನದ ಕೆಲಸ. ಪಕ್ಕದ ತಗಡಿಗೆ ಮಾತ್ರ ನನ್ನ ಹತ್ತಿರ ಔಷಧಿ ಇಲ್ಲ.

ಇದೇ ಹುಮ್ಮಸ್ಸಿನಲ್ಲಿ ನನ್ನದೂ ಒಂದು. ‘ಎಡ್ಜ್ ಆಫ್ ಟುಮಾರೋ’ (2014). ಟಾಮ್ ಕ್ರೂಸ್ ಸತ್ತಾಗಲೆಲ್ಲಾ ಹಿಂದಿನ ದಿನದಿಂದ ಮತ್ತೆ ಶುರು. ಮೂಲ 2004ರ ಜಪಾನಿ ಕಾದಂಬರಿ. ಸಿನಿಮಾವೇ ಗೇಮ್‌ನಂತಿದೆ, ಸತ್ತು ಸತ್ತು ಕಲಿಯುವುದು. ಹತ್ತು ಜನ ಆಡಿದರೆ ಯಾರು ಸತ್ತಾಗ ಹಿಂದೆ ಹೋಗಬೇಕು ಅಂತ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಇನ್ನೂ ದೊಡ್ಡ ತೊಡಕು, ಸಿನಿಮಾದಲ್ಲಿ ಬೇರೆಯವರಿಗೆ ಎಲ್ಲಾ ಮರೆತುಹೋಗುತ್ತದೆ. ಆಡುವ ಮನುಷ್ಯನಿಗೆ ಮರೆಯುವುದಿಲ್ಲ.

ಮರೆಯದಿದ್ದರೆ ಬಿಡಿ, ಅದನ್ನೇ ನಿಯಮ ಮಾಡಿ. ಒಂದು ತಂಡಕ್ಕೆ ಮೂರು ಸಲ ‘ಎರಡು ನಿಮಿಷ ಹಿಂದಕ್ಕೆ’ ಅನ್ನುವ ಬಟನ್ ಕೊಡಿ. ಒತ್ತಿದರೆ ಎಲ್ಲರೂ ಹಿಂದಕ್ಕೆ. ನೀನು ನಿನ್ನ ತಪ್ಪು ತಿದ್ದಬಹುದು. ಆದರೆ ಎದುರಾಳಿಗೂ ಗೊತ್ತು ನೀನು ಎಲ್ಲಿಂದ ಬಂದೆ, ಎಲ್ಲಿ ಸತ್ತೆ ಅಂತ. ಬಟನ್ ಒತ್ತುವುದು ಲಾಭವೋ ನಷ್ಟವೋ ಒತ್ತುವವರೆಗೂ ಗೊತ್ತಾಗದು. ಸರ್ವರ್ ಇದನ್ನು ಈಗಲೇ ಸಣ್ಣದಾಗಿ ಮಾಡುತ್ತಿದೆ. ಶೂಟಿಂಗ್ ಗೇಮ್‌ನಲ್ಲಿ ನೀನು ಗುಂಡು ಹಾರಿಸಿದ ಸುದ್ದಿ ಸರ್ವರ್‌ಗೆ ತಲುಪುವಷ್ಟರಲ್ಲಿ ಎದುರಿನವನು ಜಾಗ ಬಿಟ್ಟಿರುತ್ತಾನೆ. ಸರ್ವರ್ ಸ್ವಲ್ಪ ಹಿಂದಿನ ಗಳಿಗೆಗೆ ಹೋಗಿ, ನಿನ್ನ ಸ್ಕ್ರೀನ್‌ನಲ್ಲಿ ಅವನು ಎಲ್ಲಿದ್ದನೋ ಅಲ್ಲಿ ಗುಂಡು ತಗುಲಿತಾ ಅಂತ ನೋಡುತ್ತದೆ. ಗೋಡೆ ಮರೆಗೆ ಹೋದ ಮೇಲೂ ಸತ್ತೆ ಅಂತ ಕಿರುಚುತ್ತೀರಲ್ಲ, ಅದಕ್ಕೆ ಕಾರಣ ಇದೇ. ಹೊಸನಗರದವರು ಕೇಳಿಸಿಕೊಳ್ಳಿ.

ಪಿಂಗ್ 300

ಅಂದರೆ ನಾನು ಟೈಮ್ ಟ್ರಾವೆಲ್ ಮಾಡಿ ಜನರನ್ನು ಕೊಲ್ಲುತ್ತಿದ್ದೇನೆ. ಅಪ್ಪನಿಗೆ ತೋರಿಸುತ್ತೇನೆ ಈ ಮೆಸೇಜ್.

ಮಂಡಗದ್ದೆ ಹಕ್ಕಿ

ಕಾಲದ ವಿಷಯ ಬಂದರೆ ‘ಟೆನೆಟ್’ (2020) ಬಿಡಲಾಗದು. ಕೊನೆಯ ಯುದ್ಧದಲ್ಲಿ ಕೆಂಪು ತಂಡ ನಮ್ಮ ಹಾಗೆ ಮುಂದಕ್ಕೆ ಹೋಗುತ್ತದೆ, ನೀಲಿ ತಂಡ ಅದೇ ಹತ್ತು ನಿಮಿಷವನ್ನು ಹಿಂದಿನಿಂದ ಬದುಕುತ್ತದೆ. ಕೆಂಪಿನವರಿಗೆ ಕೊನೆಯಲ್ಲಿ ಆಗುವುದು ನೀಲಿಯವರಿಗೆ ಮೊದಲು ಆಗುತ್ತದೆ. ಒಂದೇ ಹೊತ್ತಿಗೆ ಇಬ್ಬರೂ ಆನ್‌ಲೈನ್ ಇದ್ದು ಇದನ್ನು ಆಡಲು ಆಗುವುದಿಲ್ಲ. ಇನ್ನೂ ಆಗದೇ ಇರುವುದನ್ನು ಯಾವ ಸರ್ವರ್ ತಂದು ಕೊಡುತ್ತದೆ?

ಆದರೆ ಒಂದೇ ಹೊತ್ತಿಗೆ ಯಾಕೆ ಆಡಬೇಕು? ಕೆಂಪು ತಂಡ ರಾತ್ರಿ ಹತ್ತು ನಿಮಿಷ ಆಡಲಿ. ಕಂಪ್ಯೂಟರ್ ಅದನ್ನು ಹಿಡಿದಿಟ್ಟುಕೊಳ್ಳಲಿ. ಬೆಳಗ್ಗೆ ನೀಲಿ ತಂಡ ಆ ರೆಕಾರ್ಡಿಂಗ್ ಹಿಂದುಮುಂದಾಗಿ ಓಡುವಾಗ ಅದರೊಳಗೆ ಇಳಿದು ಆಡಲಿ. ಕೆಂಪಿನವರು ಮುರಿದ ಗೋಡೆ ನೀಲಿಯವರ ಕಣ್ಣೆದುರು ಎದ್ದು ನಿಲ್ಲುತ್ತದೆ. ಆದ ಘಟನೆಯನ್ನು ನೀಲಿಯವರು ಬದಲಾಯಿಸುವಂತಿಲ್ಲ. ಅದರ ಸಂದಿಯಲ್ಲಿ ತಮ್ಮ ಕೆಲಸ ಮುಗಿಸಬೇಕು. ಹಿಂದೆ ಅಂಚೆ ಕಾರ್ಡ್ ಬರೆದು ಚೆಸ್ ಆಡುತ್ತಿದ್ದರಲ್ಲ, ಹಾಗೆ. ಪಿಂಗ್, ಅಂದರೆ ನೆಟ್‌ನಲ್ಲಿ ಸುದ್ದಿ ಹೋಗಿ ಬರುವ ತಡ, 30 ಇದ್ದರೂ 300 ಇದ್ದರೂ ಒಂದೇ. ಕರೆಂಟ್ ಬಂದಾಗ ಆಡಿ ಕಳಿಸಿದರಾಯಿತು.

ಹಂಚಿನಮಾಡು

ಅಕ್ಕ, ಮಲೆನಾಡಿಗೆ ಅಂತಲೇ ಮಾಡಿದ ಗೇಮ್ ಇದು. ನಿಮಗೆ ಒಂದು ಕೊಟ್ಟೆ ಕಡುಬು ಪಾರ್ಸೆಲ್.

ಸಾಗರದವ, ಈಗ ಬೆಂಗಳೂರು

ಸಣ್ಣ ತಂಡ ಮಾಡುವುದಾದರೆ ‘ಕ್ಯೂಬ್’ (1997) ನೋಡಿ. ಚಚ್ಚೌಕ ಕೋಣೆಗಳ ಜಾಲ. ಉದ್ದ, ಅಗಲ, ಎತ್ತರಕ್ಕೆ 26, ಒಟ್ಟು 17,576 ಕೋಣೆ. ಕೆಲವದರಲ್ಲಿ ಸಾವು. ಆದರೆ ಚಿತ್ರೀಕರಣಕ್ಕೆ ಕಟ್ಟಿದ್ದು ಹೆಚ್ಚುಕಮ್ಮಿ ಒಂದೇ ಕೋಣೆ, ದೀಪದ ಬಣ್ಣ ಬದಲಾಯಿಸಿ ಎಲ್ಲವನ್ನೂ ತೋರಿಸಿದರು. ಗೇಮ್ ಆದರೂ ಅಷ್ಟೇ, ಒಂದು ಕೋಣೆ ಮಾಡಿದರೆ ಸಾಕು. ಡೌನ್‌ಲೋಡ್ ಚಿಕ್ಕದು. ದಿನಕ್ಕೆ 1.5 ಜಿಬಿ ಪ್ಯಾಕ್ ಇರುವವನು 100 ಜಿಬಿ ಗೇಮ್ ಎಲ್ಲಿಂದ ಇಳಿಸುತ್ತಾನೆ?

ಗೋಪಿ ಸರ್ಕಲ್

ನಮ್ಮವರ ಸಿನಿಮಾ ಒಂದೂ ಬರಲಿಲ್ಲ. ಉಪೇಂದ್ರ 2002ರಲ್ಲೇ ‘ಹಾಲಿವುಡ್’ನಲ್ಲಿ ರೋಬೋ ಆಗಿದ್ದರು. ಆದರೆ ಗೇಮ್‌ಗೆ ನನ್ನ ವೋಟು ತೆಲುಗಿನ ‘ಆದಿತ್ಯ 369’ಗೆ (1991). ಟೈಮ್ ಮೆಷಿನ್ ಹತ್ತಿ 1526ಕ್ಕೆ, ಕೃಷ್ಣದೇವರಾಯರ ವಿಜಯನಗರಕ್ಕೆ ಹೋಗುತ್ತಾರೆ, ಅಲ್ಲಿಂದ 2504ಕ್ಕೆ. ನಡುವೆ ಒಂದು ವಜ್ರದ ಕಳ್ಳತನ. ಮೂರು ಕಾಲ, ಮೂರು ತಂಡ, ಒಂದೇ ವಜ್ರ. ಹಳೇ ಕಾಲದವರು ಬಚ್ಚಿಡಬಹುದು, ಶಾಸನ ಕೆತ್ತಿ ಸುಳಿವು ಬಿಡಬಹುದು. ಮುಂದಿನವರು ಓದಬಹುದು, ಉತ್ತರ ಕಳಿಸುವಂತಿಲ್ಲ. ಹಂಚಿನಮಾಡು ಹೇಳಿದ ‘ನನಗೆ ಗೊತ್ತು, ನಿನಗೆ ಗೊತ್ತಿಲ್ಲ’ ಇದರಲ್ಲಿದೆ.

ನಮ್ಮ ಕಡೆಗೇ ತರಬಹುದು. 1763ರಲ್ಲಿ ಹೈದರಾಲಿ ಬಿದನೂರಿಗೆ ನುಗ್ಗುವ ಹಿಂದಿನ ರಾತ್ರಿ ಒಂದು ಕಾಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬುವಾಗ ಇನ್ನೊಂದು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಳೇ ಹಿರೇಭಾಸ್ಕರ ಅಣೆಕಟ್ಟು ತಲೆ ಎತ್ತುತ್ತದಲ್ಲ, ಅದು ಮೂರನೆಯದು. ಯಾರ ಮನೆ ಹಿತ್ತಲಿನಲ್ಲಿ ಏನು ಹೂತಿದ್ದಾರೆ ಅಂತ ಹುಡುಕುವುದು.

ಹಿನ್ನೀರು (ತುಮರಿ ಕಡೆ)

ಓದುತ್ತಾ ಇದ್ದೆ, ಬರೆಯುವ ಅಂದಾಜು ಇರಲಿಲ್ಲ. ವಯಸ್ಸು 68. ಗೋಪಿ ಸರ್ಕಲ್‌ನವರೇ, ಆ ಹಿತ್ತಲುಗಳಲ್ಲಿ ಒಂದು ನಮ್ಮದು. ನೀರು ಬಂದಾಗ ನಾನು ಸಣ್ಣವನು. ಹೂತಿಟ್ಟದ್ದು ಏನೂ ಇರಲಿಲ್ಲ. ಹೆಂಚು ಇಳಿಸಿ ಎಣಿಸಿದ್ದು, ಗಾಡಿ ಸಾಲದೆ ಒರಳುಕಲ್ಲು ಅಲ್ಲೇ ಬಿಟ್ಟದ್ದು ನೆನಪು. ನೀವು ತಪ್ಪು ಹೇಳಿದ್ದೀರಿ ಅಂತಲ್ಲ. ಗೇಮ್ ಮಾಡುವುದಾದರೆ 1964ರ ತಂಡಕ್ಕೆ ನಿಧಿ ಹುಡುಕುವ ಕೆಲಸ ಕೊಡಬೇಡಿ. ಒಂದು ಗಾಡಿ ಕೊಡಿ. ಎಂತ ಒಯ್ಯುವುದು, ಎಂತ ಬಿಡುವುದು ಅಂತ ಅವರೇ ಜಗಳ ಆಡಿ ತೀರ್ಮಾನ ಮಾಡಲಿ.

ಮತ್ತೆ ಮೊದಲು ಹೇಳಿದ ಅಂಟಾರ್ಕ್ಟಿಕಾ ಸಿನಿಮಾ ಮೊಮ್ಮಗ ತೋರಿಸಿದ. ಅದಕ್ಕೆ ಹಿಮ ಬೇಡ. ಸಂಜೆ ಹಿನ್ನೀರು ದಾಟಿಸುವ ಕೊನೆಯ ಲಾಂಚ್ ಹೋದ ಮೇಲೆ ನಮ್ಮ ಕರೂರು ಸೀಮೆ ಹಾಗೇ ಇರುತ್ತಿತ್ತು. ಯಾರೂ ಬರುವಂತಿಲ್ಲ, ಹೋಗುವಂತಿಲ್ಲ. ಹೆರಿಗೆ ನೋವು ಬಂದರೂ ಬೆಳಗಾಗಬೇಕಿತ್ತು. 2025ರ ಜುಲೈನಲ್ಲಿ ಸೇತುವೆ ಆಯಿತು. ಹಾಗಾಗಿ ಕತೆಯನ್ನು ಅದಕ್ಕಿಂತ ಮೊದಲಿಗೆ ಇಡಬೇಕು.

ಗೋಪಿ ಸರ್ಕಲ್

ತಪ್ಪಾಯಿತು ಯಜಮಾನ್ರೇ. ಗಾಡಿಯ ಮಾತು ನನ್ನ ವಜ್ರಕ್ಕಿಂತ ಚೆನ್ನಾಗಿದೆ. ವಜ್ರ ವಾಪಸ್.

ಹಂಚಿನಮಾಡು

ಹಿನ್ನೀರು ಅಜ್ಜಯ್ಯ ಹೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನಿನ್ನೆ ಮನೆಗೆ ನೆಂಟರು ಬಂದಿದ್ದರು. ಕರೆಂಟ್ ಎಂದಿನಂತೆ ಇಲ್ಲ. ಏಳು ಜನ ಸೇರಿ ಚೀಟಿ ಹರಿದು ‘ದಿ ಥಿಂಗ್’ ಆಡಿಯೇ ಬಿಟ್ಟೆವು. ಜಾಗ ನಮ್ಮನೆಯೇ. ಜಗಲಿ, ನಡುಮನೆ, ಅಡುಗೆಮನೆ, ಅಟ್ಟ, ಬಚ್ಚಲು, ಕೊಟ್ಟಿಗೆ. ಒಬ್ಬನಿಗೆ ಮೊದಲೇ ಕಪ್ಪು ಚೀಟಿ. ಒಂದು ಸುತ್ತಿನಲ್ಲಿ ಎಲ್ಲರೂ ಎಲ್ಲಿಗಾದರೂ ಹೋಗಬೇಕು. ಒಂದು ಜಾಗದಲ್ಲಿ ಇಬ್ಬರೇ ಇದ್ದರೆ ಕಪ್ಪಿನವನು ಇನ್ನೊಬ್ಬನ ಕೈಗೆ ಒಂದು ಕಪ್ಪು ಚೀಟಿ ತುರುಕಬಹುದು. ಮೂವರಿದ್ದರೆ ಆಗುವುದಿಲ್ಲ. ಪರೀಕ್ಷೆ ಬಚ್ಚಲ ಒಲೆಯ ಮುಂದೆ ಮಾತ್ರ. ಇಡೀ ಆಟಕ್ಕೆ ಮೂರೇ ಪರೀಕ್ಷೆ.

ಮೊದಲ ಆಟ ಹತ್ತು ನಿಮಿಷದಲ್ಲಿ ಬಿದ್ದುಹೋಯಿತು. ಯಾರೂ ಜಗಲಿ ಬಿಟ್ಟು ಏಳಲಿಲ್ಲ. ಏಳೂ ಜನ ಒಟ್ಟಿಗೆ ಕೂತರೆ ಸೋಂಕು ಹೇಗೆ ಹರಡುತ್ತದೆ? ಆಮೇಲೆ ಅತ್ತೆ ಕೆಲಸ ಹಂಚಿದರು. ಬಚ್ಚಲ ಒಲೆಗೆ ಕಟ್ಟಿಗೆ ಹಾಕದಿದ್ದರೆ ಬೆಂಕಿ ಆರುತ್ತದೆ, ಆರಿದರೆ ಪರೀಕ್ಷೆ ಇಲ್ಲ. ಕೊಟ್ಟಿಗೆಗೆ ಯಾರೂ ಹೋಗದಿದ್ದರೆ ಎಲ್ಲರೂ ಸೋತಂತೆ. ಆಗ ಜನ ಎದ್ದರು. ಯಾರು ಯಾರ ಜೊತೆ ಹೋಗುವುದು ಅನ್ನುವ ಜಗಳ ಹತ್ತಿದ್ದು ಆಗಲೇ. ಭಾವ ಒಂದೂವರೆ ಗಂಟೆ ಅಟ್ಟ ಇಳಿಯಲಿಲ್ಲ, ಒಬ್ಬರೇ ಕೂತಿದ್ದರು. ಮನುಷ್ಯರಾಗಿಯೇ ಉಳಿದರು, ಆದರೆ ಕೆಳಗೆ ಉಳಿದವರೆಲ್ಲಾ ಕಪ್ಪಾಗಿದ್ದರು.

ಸಾಗರದವರ ಪ್ರಶ್ನೆಗೆ ಉತ್ತರವೂ ಸಿಕ್ಕಿತು. ಚೀಟಿ ಕೈಗೆ ಬಂದರೂ ತೆರೆದು ನೋಡದೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹಕ್ಕು ಇರಲಿ. ಇಬ್ಬರೇ ಸಿಕ್ಕಾಗ ಕಪ್ಪಿನವನು ಕಪ್ಪು ಚೀಟಿ ಕೊಡಬಹುದು, ಮನುಷ್ಯನಾದವನು ಬಿಳಿ ಚೀಟಿ ಕೊಡಲೇಬೇಕು. ಹಾಗಾಗಿ ಕೈಯಲ್ಲಿರುವುದು ಯಾವುದು ಅಂತ ನೋಡುವವರೆಗೂ ಗೊತ್ತಿಲ್ಲ. ನೋಡುವುದೋ ಬಿಡುವುದೋ ಅವರವರ ಇಷ್ಟ. ನಮ್ಮಲ್ಲಿ ಇಬ್ಬರು ಕಡೆಯವರೆಗೂ ನೋಡಲೇ ಇಲ್ಲ.

ಸಾಗರದವ, ಈಗ ಬೆಂಗಳೂರು

ಅಂದರೆ ಸರ್ವರ್‌ಗೆ ಗೊತ್ತು, ಆಡುವವನು ಬೇಡ ಅಂದರೆ ಅವನಿಗೆ ಹೇಳುವುದಿಲ್ಲ. ಇದು ನನ್ನ ತಲೆಗೆ ಬಂದೇ ಇರಲಿಲ್ಲ. ಕೆಲಸ ಹಂಚಿದ ಅತ್ತೆಗೆ ನಮಸ್ಕಾರ ಹೇಳಿ. ಶನಿವಾರ ಊರಿಗೆ ಬರುತ್ತಿದ್ದೇನೆ, ಲ್ಯಾಪ್‌ಟಾಪ್ ತರುತ್ತೇನೆ. ಮೊದಲು ಬರೀ ಅಕ್ಷರದಲ್ಲಿ ಮಾಡೋಣ, ಚಿತ್ರ ಆಮೇಲೆ.

ಪಿಂಗ್ 300

ನಾನೂ ಬರುತ್ತೇನೆ, ಬಸ್ ಇದ್ದರೆ.

ಹಿನ್ನೀರು

ಒಂದು ಅನುಮಾನ. ಕೊಟ್ಟಿಗೆಗೆ ಒಬ್ಬರೇ ಹೋದರೆ ಅಲ್ಲಿ ಹಸು ಇರುತ್ತದಲ್ಲ. ಆಗ ಒಬ್ಬರು ಅಂತ ಲೆಕ್ಕವೋ, ಇಬ್ಬರು ಅಂತ ಲೆಕ್ಕವೋ? ಸಿನಿಮಾದಲ್ಲಿ ಅದು ಮೊದಲು ಬಂದದ್ದು ನಾಯಿಯಾಗಿ.

ಹಂಚಿನಮಾಡು

ಅಜ್ಜಯ್ಯ, ಎಂಟನೇ ಚೀಟಿ ಈಗಲೇ ಹರಿದೆ. ಬೆಳಗ್ಗೆ ಹಾಲು ಕರೆಯುವಾಗ ಗೌರಿಯ ಮುಖ ಒಮ್ಮೆ ಸರಿಯಾಗಿ ನೋಡಬೇಕು.